ಕಾಲುವೆಗೆ ಇಳಿದ ಲಾರಿ

ವರ್ಲಿನ್‌ಗೆ ಈಗೀಗ ಏನೂ ನೆನಪಿರುತ್ತಿರಲಿಲ್ಲ. ತಾನೇ ಪಳಗಿಸಿದ ಕುದುರೆಗಳ ಹೆಸರು ಹೋಗಿತ್ತು, ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಹೋಗಿರುತ್ತಿತ್ತು. ಹೆಂಡತಿಯನ್ನು ಹಂಗಿಸಿ ತಾನೇ ಕಟ್ಟಿದ ಆ ಹಾಳು ಪದ್ಯ ಮಾತ್ರ ನಾಲಿಗೆಯ ತುದಿಯಲ್ಲೇ ಝಾಂಡಾ ಊರಿತ್ತು. ದೇವರು ಕಿತ್ತುಕೊಳ್ಳುವಾಗಲೂ ಆರಿಸಿ ಕಿತ್ತುಕೊಳ್ಳುತ್ತಾನೆ, ನೋಡಿ.

ಪಿಕಪ್ ಓಡಿಸುತ್ತಿದ್ದವಳು ಹೆಂಡತಿ ಆರ್ಡಿಸ್. ಅಮೆರಿಕದ ಐಡಹೊ ಗಡಿಯ ತಮ್ಮ ರಾಂಚ್‌ನ ದನಗಳನ್ನು ಪಕ್ಕದವರಿಗೆ ಒಪ್ಪಿಸಿ, ಗಂಡಹೆಂಡಿರು ನೆವಾಡಾದ ಎಲ್ಕೊಗೆ ಹೊರಟಿದ್ದರು. ಚಳಿಗಾಲದಲ್ಲಿ ಅಲ್ಲಿ ಕೌಬಾಯ್ ಕವಿಗಳ, ಹಾಡುಗಾರರ ಮೇಳ ನಡೆಯುತ್ತದೆ. ರಸ್ತೆಯ ಮೇಲೆ ಹಿಮ ಕಲ್ಲಾಗಿತ್ತು. ಗಾಳಿ ಬೀಸಿದಾಗಲೆಲ್ಲ ಗಾಡಿ ಪಕ್ಕಕ್ಕೆ ಜಾರುತ್ತಿತ್ತು.

"ಮೆಲ್ಲಗೆ, ಮುದುಕಿ. ಎಲ್ಲಾದ್ರೂ ಕಾಲುವೆ ಕಂಡ್ರೆ ಆಸೆಪಟ್ಟುಬಿಟ್ಟೀಯ."

"ಇಲ್ಲಿ ಕಾಲುವೆ ಇಲ್ಲ, ವರ್ಲಿನ್."

"ನೀನು ಹುಡುಕ್ತೀಯ ಬಿಡು, ನಿನ್ನ ಮೇಲೆ ನಂಗೆ ನಂಬಿಕೆ ಇದೆ."

ಮೇಳದವರು ಅವನನ್ನು ವೇದಿಕೆಗೆ ಕರೆದಿರುವುದು ಇದೇ ಕೊನೆ ಎಂದು ಇಬ್ಬರಿಗೂ ಗೊತ್ತಿತ್ತು.

"ಈ ಸಲ ಆ ಪದ್ಯ ಬೇಡ," ಎಂದಳು. "ಕುರುಡು ಕುದುರೇದು ಹೇಳು. ನಾನು ನಿನ್ನ ಏನೂ ಕೇಳಿದವಳಲ್ಲ. ಇದೊಂದು ನಡೆಸಿಕೊಡು."

"ಕುದುರೆ ಪದ್ಯಕ್ಕೆ ಯಾರು ನಗ್ತಾರೆ? ಜನ ಇಂಥ ಹಿಮದಲ್ಲಿ ಬರೋದು ನಿನ್ನ ನೋಡಿ ನಗೋಕೆ ಕಣೇ."

"ಅವತ್ತು ಏನಾಯ್ತು ಅಂತ ನಿಂಗೆ ಗೊತ್ತು."

"ಗೊತ್ತಿಲ್ದೆ ಏನು? ಹೊಸ ಲಾರಿ ಮೂತಿ ಸೊಟ್ಟ ಆಯ್ತು." ವರ್ಲಿನ್ ತೊಡೆ ತಟ್ಟಿಕೊಂಡು ನಕ್ಕ.

ಆ ಸೀಮೆಯಲ್ಲಿ ಚಳಿಗಾಲದ ಬೆಳಗೆಂದರೆ ಎಲ್ಲರ ಮನೆಯದೂ ಒಂದೇ ಕತೆ. ಹೆಂಡತಿ ಲಾರಿಯನ್ನು ಆಮೆಯಂತೆ ನಡೆಸುತ್ತಾಳೆ, ಗಂಡ ಹಿಂಬದಿಯ ತೊಟ್ಟಿಯಲ್ಲಿ ನಿಂತು ದನಗಳಿಗೆ ಹುಲ್ಲು ಎಸೆಯುತ್ತಾ ಹೋಗುತ್ತಾನೆ. ಎಷ್ಟೋ ವರ್ಷದ ಹಿಂದಿನ ಮಾತು, ಅವತ್ತು ಆರ್ಡಿಸ್ ತುಂಬು ಬಸುರಿ. ಹೊಟ್ಟೆಯೊಳಗೆ ಕತ್ತರಿ ಆಡಿಸಿದಂತಾಗಿ ಅವಳು ಸ್ಟಿಯರಿಂಗ್ ಮೇಲೆ ಬಗ್ಗಿದಳು. ಲಾರಿ ಕಾಲುವೆಗೆ ಇಳಿಯಿತು. ಅವಳು ಕೂಗಿದಳು. ಹಸಿದ ದನ ಕಾಯುವುದಿಲ್ಲವೆಂದು ಈ ಪುಣ್ಯಾತ್ಮ ಉಳಿದ ಹುಲ್ಲನ್ನೆಲ್ಲ ಎಸೆದು ಮುಗಿಸಿ, ಬೈಯುತ್ತಾ ಬಂದು ಬಾಗಿಲು ತೆಗೆದ. ಸೀಟೆಲ್ಲ ರಕ್ತವಾಗಿತ್ತು. ಹೆಣ್ಣುಮಗು. ಉಸಿರಿರಲಿಲ್ಲ. ಮಣ್ಣು ಹೆಪ್ಪುಗಟ್ಟಿದ್ದರಿಂದ ಹಾರೆಯಲ್ಲಿ ಗುಂಡಿ ತೋಡಿದವನೂ ಅವನೇ.

ಅದೇ ವರ್ಷ, ಲಾರಿ ಕಾಲುವೆಗೆ ಇಳಿದದ್ದರ ಮೇಲೆ ಆ ಪದ್ಯ ಕಟ್ಟಿದ. ಮೊದಲ ಸಲ ಕೇಳಿದಾಗ, ಪಾಪ, ಅವನ ಅಳು ಹೀಗೆ ಹೊರಗೆ ಬರುತ್ತಿದೆ ಎಂದು ಅವಳು ಸುಮ್ಮನಿದ್ದಳು. ಆಮೇಲೆ ಜನ ನಕ್ಕರು, ಅವನಿಗೆ ರುಚಿ ಹತ್ತಿತು. ಊರೂರಿನ ವೇದಿಕೆ ಹತ್ತಿ ಅವಳ ಮಾನ ಹರಾಜು ಹಾಕಿದ. ಒಂದೇ ಒಂದು ಸಲವೂ ಮಗುವಿನ ಮಾತೆತ್ತಲಿಲ್ಲ. ಮನೆಯಲ್ಲೂ ಎತ್ತಲಿಲ್ಲ.

ಆ ಮೇಳದಲ್ಲಿ ಕವಿಯಾದವನು ಬಾಯಿಪಾಠವಾಗಿ ಹೇಳಬೇಕು. ಕೆಮ್ಮಿದರೆ, ಕುಡಿದು ಬಂದರೆ ಜನ ಮನ್ನಿಸುತ್ತಾರೆ, ಕಾಗದ ಹಿಡಿದು ಓದಿದರೆ ಮನ್ನಿಸುವುದಿಲ್ಲ. ಈಚೆಗೆ ವೇದಿಕೆ ಹತ್ತಿದರೆ ಆ ಪದ್ಯದಲ್ಲೂ ಅಲ್ಲೊಂದು ಇಲ್ಲೊಂದು ಸಾಲಿಗೆ ವರ್ಲಿನ್ ತಡವರಿಸತೊಡಗಿದ ಮೇಲೆ ಆರ್ಡಿಸ್ ಮೊದಲ ಸಾಲಿನಲ್ಲಿ ಕೂತು, ದನಿಯಿಲ್ಲದೆ ತುಟಿಯಲ್ಲೇ ಮುಂದಿನ ಸಾಲು ಎತ್ತಿಕೊಡುತ್ತಿದ್ದಳು. ತನ್ನನ್ನು ಹಂಗಿಸುವ ಮಾತನ್ನು ತಾನೇ ನೆನಪಿಸುವ ಕರ್ಮ ಯಾವ ಶತ್ರುವಿಗೂ ಬೇಡ. ಈ ಸಲ ತುಟಿ ಬಿಚ್ಚುವುದಿಲ್ಲ, ನಿಂತಲ್ಲೇ ಒಣಗಲಿ ಎಂದು ಅವಳು ಎಲ್ಕೊ ತಲುಪುವುದರೊಳಗೆ ನಿರ್ಧರಿಸಿಬಿಟ್ಟಳು.

ಮಧ್ಯಾಹ್ನದ ಗೋಷ್ಠಿ. ಸಭಾಂಗಣ ಟೋಪಿಗಳಿಂದ ತುಂಬಿತ್ತು. ವರ್ಲಿನ್ ಎದೆ ಉಬ್ಬಿಸಿ ನಿಂತು ಶುರು ಮಾಡಿದ:

"ಕಣ್ಣು ಹಾಯುವಷ್ಟು ಬಯಲು, ಎಲ್ಲಿ ನೋಡಿದರೂ ದಾರಿ;
ಇದ್ದೊಂದೇ ಕಾಲುವೆಯೊಳಗೆ ಇಳಿಸಿದಳು ನನ್ನವಳು ಲಾರಿ."

ಜನ ಹೋ ಎಂದು ನಕ್ಕರು. ನಗು ಇಳಿಯಿತು. ವರ್ಲಿನ್ ಬಾಯಿ ತೆರೆದ, ಮುಂದಿನ ಸಾಲು ಸಿಗಲಿಲ್ಲ. ಆರ್ಡಿಸ್ ಕಡೆ ನೋಡಿದ. ಅವಳು ತುಟಿ ಬಿಗಿದು ಅವನನ್ನೇ ನೋಡಿದಳು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವಳಿಗೆ ಸುಖವಾಯಿತು, ಸುಳ್ಳೇಕೆ ಹೇಳಬೇಕು. ದಾರಿ ತಪ್ಪಿದ ಮುದುಕನಿಗೆ ಧೈರ್ಯ ತುಂಬಲು ಜನ ಚಪ್ಪಾಳೆ ತಟ್ಟಿದರು.

ಕೊನೆಗೆ ಅವನು ಮೈಕಿನಲ್ಲೇ ಕೇಳಿದ: "ಮುದುಕಿ, ಮುಂದೇನಾಯ್ತೇ?"

ಜನ ಮತ್ತೆ ನಕ್ಕರು. ಆರ್ಡಿಸ್ ಎದ್ದು ನಿಂತಳು.

"ಮುಂದೆ ನೀನು ಉಳಿದ ಹುಲ್ಲೆಲ್ಲ ಹಾಕಿ ಮುಗಿಸಿದೆ," ಎಂದಳು.

ನಗು ಇನ್ನೂ ಜೋರಾಯಿತು.

"ನಾನು ಕೂಗ್ತಾನೇ ಇದ್ದೆ. ಆಮೇಲೆ ನೀನು ನಿಧಾನವಾಗಿ ಬಂದು ಬಾಗಿಲು ತೆಗೆದೆ. ಅಷ್ಟರಲ್ಲಿ ನಮ್ಮ ಮಗು ಹೋಗಿತ್ತು."

ಮುಂದಿನ ಸಾಲುಗಳಲ್ಲಿ ಕೂತವರ ನಗು ನಿಂತಿತು. ಹಿಂದೆ ಕೂತವರಿಗೆ ಕೇಳಿಸದೆ ಇನ್ನೂ ನಗುತ್ತಿದ್ದರು. ವರ್ಲಿನ್ ದೀಪದ ಬೆಳಕಿಗೆ ಕೈ ಅಡ್ಡ ಹಿಡಿದು ಅವಳನ್ನು ಹುಡುಕಿದ.

"ಯಾವ ಮಗು?" ಎಂದ.

ಅವನು ಸುಳ್ಳು ಹೇಳುವಾಗಿನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದು ಆ ಮುಖವಲ್ಲ. ನಿಜವಾಗಿಯೂ ಕೇಳುತ್ತಿದ್ದ. ಆ ಮಗುವಿನ ಮುಖ ನೋಡಿದ್ದವರು ಭೂಮಿಯ ಮೇಲೆ ಇಬ್ಬರೇ ಇದ್ದರು, ಈಗ ಅವಳೊಬ್ಬಳೇ ಉಳಿದಳು. ಯಾರನ್ನು ಬೈಯುವುದು, ಯಾರ ಕೈಲಿ ತಪ್ಪೊಪ್ಪಿಸುವುದು?

ಅಷ್ಟರಲ್ಲಿ ಅವನಿಗೆ ಸಾಲು ತಾನಾಗಿಯೇ ಹೊಳೆಯಿತು. ಮುಖ ಅರಳಿತು.

"ದಡದ ಮೇಲೆ ಸಾಲಾಗಿ ನಿಂತು ನೋಡಿದವು ದನ;
ಸ್ಟಿಯರಿಂಗು ನಮಗೇ ಕೊಡು ಎಂದವು, ಕೇಳೋ ಯಜಮಾನ."

ಸಭಾಂಗಣವೇ ಹಾರಿಹೋಗುವಂತೆ ಜನ ನಕ್ಕರು. ಪಕ್ಕದಲ್ಲಿದ್ದ ಗಂಡಸು ಕಣ್ಣೊರೆಸಿಕೊಂಡು, ಆರ್ಡಿಸ್‌ಳ ಮೊಣಕೈ ಹಿಡಿದು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದ.

"ಚೆನ್ನಾಗಿ ಕಟ್ಟಿದ್ದೀರಮ್ಮ ಇಬ್ರೂ ಸೇರಿ," ಎಂದ. "ಆ ಮಗು ಮಾತು ಬಂದಾಗ ಒಂದು ಗಳಿಗೆ ನಾನು ನಿಜ ಅಂತಲೇ ಅಂದ್ಕೊಂಡೆ."