ಸೂಟ್‌ಕೇಸ್ ಚೆಲುವರಾಜು ನಿಂತ ಎಲೆಕ್ಷನ್

ಆ ಕಾಲದಲ್ಲಿ ಚೆಲುವರಾಜುವಿನ ಕೈ ಮುಟ್ಟದ ಸೂಟ್‌ಕೇಸು ನ್ಯೂಜರ್ಸಿಯಿಂದ ಇಂಡಿಯಾಕ್ಕೆ ಹೋದದ್ದೇ ಇಲ್ಲ. ಹಾಗೇನಾದರೂ ಹೋಗಿದ್ದರೆ ಅಟ್ಲಾಂಟಿಕ್ ಸಮುದ್ರದ ಮೇಲೆ ಬಾಯಿ ಬಿಟ್ಟು ಬಿದ್ದಿರಬೇಕು. ಎಡಿಸನ್ನಿನ ಪಕ್ಕದ ಪುಟ್ಟ ಊರಿನಲ್ಲಿ ಅವನ ಅಂಗಡಿ. ಆನೆಮರಿ ಆರಾಮಾಗಿ ಮಲಗಬಹುದಾದ ಸೂಟ್‌ಕೇಸುಗಳು, ಇಂಡಿಯಾದ ಕರೆಂಟಿಗೆ ಹೊಂದುವ ಟೀವಿ, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಮೂಲೆಯಲ್ಲೊಂದು ತೂಕದ ಮೆಷಿನ್ ಇತ್ತು, ಅದು ಬರೀ ತೋರಿಕೆಗೆ. ಚೆಲುವರಾಜು ಒಂದೇ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಎರಡು ಪೌಂಡ್ ಜಾಸ್ತಿ. ಬಾದಾಮಿ ತೆಗೀರಿ, ಶಾಂಪೂ ಇರ್ಲಿ" ಅಂದನೆಂದರೆ ಏರ್‌ಪೋರ್ಟಿನವರು ಎರಡನೇ ಮಾತಾಡುತ್ತಿರಲಿಲ್ಲ.

ಇಂಥವನು ರಾಜಕೀಯಕ್ಕೆ ಇಳಿದದ್ದು ಸಿಟ್ಟಿನಿಂದ. ಒಂದು ಸಂಜೆ ಯಾರೋ ಪುಂಡ ಹುಡುಗರು ಅಂಗಡಿಯ ಗಾಜಿಗೆ ಕಲ್ಲು ಹೊಡೆದು, "ಗೋ ಹೋಮ್" ಎಂದು ಕೂಗಿ ಓಡಿದರು. ದೂರು ಹೇಳಲು ಚೆಲುವರಾಜು ಮದುವೆಯ ಸೂಟು ಹಾಕಿಕೊಂಡು ಊರಿನ ಕೌನ್ಸಿಲ್ ಸಭೆಗೆ ಹೋದ. ಅಲ್ಲಿ ಮಾತಾಡುವವರಿಗೆ ಮೂರೇ ನಿಮಿಷ. ಮಂಡ್ಯದ ಕಡೆಯವನಿಗೆ ಗಂಟಲು ಸರಿಮಾಡಿಕೊಳ್ಳಲಿಕ್ಕೇ ಅಷ್ಟು ಬೇಕು. ಅವನು ಕಲ್ಲಿನ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿ, "ಥ್ಯಾಂಕ್ಯೂ ಸರ್. ನೆಕ್ಸ್ಟ್!" ಎಂದುಬಿಟ್ಟರು. ಆ ಮೇಜಿನ ಆಚೆ ಬದಿಯಲ್ಲಿ ನಮ್ಮವನೊಬ್ಬ ಕೂರದೆ ಇದ್ದರೆ ಈ ದೇಶ ಉದ್ಧಾರವಾಗುವುದಿಲ್ಲ ಎಂದು ಅವನಿಗೆ ಅಂದೇ ಖಾತ್ರಿಯಾಯಿತು.

ಅದೃಷ್ಟಕ್ಕೆ ಕೌನ್ಸಿಲ್ಲಿನ ಒಬ್ಬ ಮುದುಕ ಚಳಿ ತಾಳದೆ ಫ್ಲಾರಿಡಾಕ್ಕೆ ಮನೆ ಬದಲಾಯಿಸಿದ. ಖಾಲಿಯಾದ ಸೀಟಿಗೆ ಜುಲೈನಲ್ಲಿ ಚುನಾವಣೆ ಎಂದು ಗೊತ್ತಾಯಿತು. ಚೆಲುವರಾಜು ನಿಂತೇಬಿಟ್ಟ. ಫೋನ್ ಕಂಪನಿಯ ಎಂಜಿನಿಯರ್ ಬದರಿ ತಾನಾಗಿಯೇ ಪ್ರಚಾರದ ಉಸ್ತುವಾರಿ ಹೊತ್ತ.

"ಸಾರ್, ನಮ್ಮೋರಲ್ಲಿ ಸಿಟಿಜನ್ ಆದೋರೆಲ್ಲ ಬಂದು ಒತ್ತಿದ್ರೆ ಸಾಕು. ಎದುರಾಳಿ ಡೆಪಾಸಿಟ್ ಹೋಗುತ್ತೆ."

"ಇಲ್ಲಿ ಡೆಪಾಸಿಟ್ ಇಲ್ವಲ್ಲೋ."

"ಇದ್ದಿದ್ರೆ ಹೋಗ್ತಿತ್ತು ಅಂದೆ!"

ಹೆಸರು ಮನೆಮಾತಾಗಲಿ ಎಂದು ಚೆಲುವರಾಜು ಅರ್ಧ ಬೆಲೆಯ ಸೇಲ್ ಹಾಕಿದ. ಪ್ರತಿ ಸೂಟ್‌ಕೇಸಿನ ಮೇಲೂ ಊಟದ ತಟ್ಟೆಯಗಲ ಹಳದಿ-ಕೆಂಪು ಸ್ಟಿಕ್ಕರ್: "ವೋಟ್ ಫಾರ್ ರಾಜು". ಜನ ಮುಗಿಬಿದ್ದರು. ಕ್ಯೂ ಅಂಗಡಿ ದಾಟಿ, ಪಾರ್ಕಿಂಗ್ ಲಾಟ್ ದಾಟಿ, ಇನ್ನೇನು ಪೆನ್ಸಿಲ್ವೇನಿಯಾ ಮುಟ್ಟಬೇಕು ಅನ್ನುವಷ್ಟು ಉದ್ದ ಬೆಳೆಯಿತು.

ಚುನಾವಣೆಗೆ ಕೆಲವೇ ದಿನ ಇದ್ದಾಗ ಅವರೆಲ್ಲ ಪೆಟ್ಟಿಗೆ ತುಂಬಿಕೊಂಡು ತೂಕಕ್ಕೆ ಬಂದರು. ಹೆಂಡತಿ ಸುಧಾಮಣಿ ಗಲ್ಲಾ ಬಿಟ್ಟು ಎದ್ದು ಬಂದಳು.

"ರೀ, ಈ ಕ್ಯೂ ನೋಡಿದ್ರಾ?"

"ನೋಡ್ದೆ ಕಣೆ! ಇಂಥಾ ವ್ಯಾಪಾರ ಹುಟ್ಟಿದಾಗ್ಲಿಂದ ಆಗಿಲ್ಲ."

"ವ್ಯಾಪಾರ ಅಲ್ಲ ರೀ, ಅದು ನಿಮ್ಮ ವೋಟು. ಪೂರ್ತಿ ಊರಿಗೆ ಹೊರಟಿದೆ."

ಚೆಲುವರಾಜು ಎತ್ತಿದ ಪೆಟ್ಟಿಗೆ ಕೈಯಲ್ಲೇ ಉಳಿಯಿತು. ಮಕ್ಕಳಿಗೆ ಸ್ಕೂಲು ರಜೆ. ಟಿಕೆಟ್ ಎಲ್ಲರದೂ ಇದೇ ವಾರ. ಅಂಚೆಯಲ್ಲಿ ವೋಟು ಹಾಕಲು ಅರ್ಜಿ ಕೊಡುವ ಗಡುವು ಮುಗಿದುಹೋಗಿತ್ತು. ಸೇಲಿನ ಭರಾಟೆಯಲ್ಲಿ ಬದರಿಗೆ ಅದರ ನೆನಪೇ ಇರಲಿಲ್ಲ.

ಬದರಿ ಕಿವಿಯ ಹತ್ತಿರ ಬಂದ. "ಸಾರ್, ವಿಜಿ ಮನೇಲೇ ನಾಲ್ಕು ವೋಟಿದೆ. ಒಂದು ವಾರ ತಡಿಯಮ್ಮ ಅಂತ ಹೇಳಿ. ಅವಳು ನಿಂತ್ರೆ ಎಲ್ಲಾ ನಿಲ್ತಾರೆ."

ಕ್ಯೂನ ಮುಂದೆಯೇ ಇದ್ದ ವಿಜಿಗೆ ಅದು ಕೇಳಿಸಿತು. "ಹೌದು ಅಂಕಲ್, ನೀವು ಹೇಳಿ, ಟಿಕೆಟ್ ಪೋಸ್ಟ್‌ಪೋನ್ ಮಾಡ್ತೀವಿ" ಎಂದಳು. ಬಾಯಿ ಹಾಗೆ ಹೇಳಿತೇ ಹೊರತು ಕೈ ಸೂಟ್‌ಕೇಸಿನ ಹಿಡಿ ಬಿಡಲಿಲ್ಲ. ಮೈಸೂರು ಬಿಟ್ಟ ಮೇಲೆ ಇದೇ ಮೊದಲ ಸಲ ತಾಯಿಯ ಮುಖ ನೋಡಲು ಹೊರಟವಳು. ಕ್ಯೂಗೆ ಕ್ಯೂವೇ ಚೆಲುವರಾಜುವಿನ ಬಾಯಿ ನೋಡಿತು. ಒಂದು ಮಾತು ಹೇಳಿದರೆ ಸೀಟು ಅವನದು.

ಅವನು ವಿಜಿಯ ಪೆಟ್ಟಿಗೆ ಎತ್ತಿ ಕಣ್ಣು ಮುಚ್ಚಿದ. "ಮೈಸೂರಲ್ಲಿ ನಿಮ್ಮಮ್ಮಂಗೆ ಮೂರು ಸ್ವೆಟರ್ ಯಾಕಮ್ಮ? ಒಂದು ತೆಗಿ" ಎಂದು, ಹಗ್ಗ ಬಿಗಿದು ಗಂಟು ಹಾಕಿದ. "ಹೋಗಿ ಬಾ."

ಸೋತ. ಒಂದು ಜಂಬೋ ವಿಮಾನದ ಅರ್ಧದಷ್ಟು ಜನ ಇಳಿದು ಬಂದಿದ್ದರೂ ಗೆಲ್ಲುತ್ತಿದ್ದ. ಅತ್ತ ಬೊಂಬಾಯಿಯ ಕೂಲಿಗಳು, ಮೈಸೂರಿನ ಆಟೋದವರು, ನಂಜನಗೂಡಿನ ಎಮ್ಮೆಗಳು ಸಹ ಸ್ಟಿಕ್ಕರ್ ನೋಡಿ, ಈ ರಾಜು ಯಾವ ಪಾರ್ಟಿ ಎಂದು ವಿಚಾರಿಸಿದವಂತೆ.

ಆಗಸ್ಟಿನಲ್ಲಿ ಹಿಂದಿರುಗಿದವರಿಗೆ ಮುಖ ತೋರಿಸಲು ನಾಚಿಕೆ. ಕೆಂಡಲ್ ಪಾರ್ಕ್ ಎಂಬ ಹತ್ತಿರದ ಊರಿನಲ್ಲಿ ಒಬ್ಬರ ಹಿತ್ತಲಲ್ಲಿ ಸೇರಿ, ಸೋತವನಿಗೆ ಸನ್ಮಾನ ಇಟ್ಟುಕೊಂಡರು. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಹೊದಿಸಿದ ಶಾಲುಗಳ ಕೆಳಗೆ ಚೆಲುವರಾಜು ಕಾಣೆಯೇ ಆಗಿದ್ದ. ಒಳಗಿಂದ ದನಿ ಮಾತ್ರ ಬಂತು: "ಶಾಲು ಸಾಕ್ರಪ್ಪಾ, ಸೆಕೆ! ಮುಂದಿನ ವರ್ಷ ನವೆಂಬರಿಗೆ ಮತ್ತೆ ನಿಲ್ತೀನಿ. ಆವಾಗ ಊರಲ್ಲಿ ಯಾವ ಮದುವೇನೂ ಇಟ್ಕೋಬೇಡಿ, ಅಷ್ಟೇ."

ಎಲ್ಲರೂ ನಕ್ಕರು. ವಿಜಿ ನಗಲಿಲ್ಲ.

ಮರುವರ್ಷ ಅವಳ ತಮ್ಮನ ಮದುವೆ ಕಾರ್ತಿಕದಲ್ಲಿ ಗೊತ್ತಾಯಿತು. ವಿಜಿ ಊರಿಗೆ ಫೋನ್ ಹಚ್ಚಿದಳು. ಆಗಿನ ಟ್ರಂಕ್ ಕಾಲ್. ಅವಳು ಕೂಗಿದ್ದು ಫೋನಿಲ್ಲದೆಯೂ ಮೈಸೂರಿಗೆ ಕೇಳಿಸುತ್ತಿತ್ತು.

"ಮಾಘಕ್ಕೆ ಹಾಕಮ್ಮಾ! ಇಲ್ಲಿ ಎಲೆಕ್ಷನ್ನು!"

"ಯಾವನೇ ಅವನು, ಅವನಿಗೋಸ್ಕರ ನನ್ನ ಮಗನ ಮುಹೂರ್ತ ಮುಂದಕ್ಕೆ ಹಾಕ್ಬೇಕಾ?"

"ಅಮ್ಮಾ, ನಾನು ನಿನ್ನ ನೋಡಕ್ಕೆ ಬಂದಿದ್ದಕ್ಕೆ ಅವರು ಸೋತಿದ್ದು."

ಆ ಕಡೆ ಗರಗರದ ನಡುವೆ ಪಂಚಾಂಗದ ಹಾಳೆ ಮಗುಚುವ ಸದ್ದು. ಆಮೇಲೆ, "ಛತ್ರದವರನ್ನ ಕೇಳ್ತೀನಿರು" ಎಂದಿತು ತಾಯಿಯ ದನಿ. ಆ ವರ್ಷ ಹಳೇ ಮೈಸೂರು ಸೀಮೆಯಲ್ಲೆಲ್ಲ ಕಾರ್ತಿಕ ಪೂರ್ತಿ ವಾಲಗವೇ ಕೇಳಿಸಲಿಲ್ಲ.

ಚೆಲುವರಾಜು ಗೆದ್ದ, ತೊಂಬತ್ತರ ದಶಕದಲ್ಲಿ ಇನ್ನೊಮ್ಮೆಯೂ ಗೆದ್ದ. ಅಂಗಡಿ ಬಾಗಿಲು ಹಾಕಿತು, ಹಾರಗಳು ಒಣಗಿದವು. ಅವನಿಗೆ ನೆನಪಿರುವುದು ಮಾತ್ರ ಮೊದಲ ಗೆಲುವಿನ ಫಲಿತಾಂಶಕ್ಕೆ ಮುಂಚಿನ ಆ ನವೆಂಬರ್ ಬೆಳಗು. ಅಭ್ಯರ್ಥಿ ಮತಗಟ್ಟೆಯ ಬಾಗಿಲ ಹತ್ತಿರ ಸುಳಿಯಬಾರದೆಂದು ಅವನೂ ಸುಧಾಮಣಿಯೂ ರಸ್ತೆಯಾಚೆ ನಿಂತಿದ್ದರು. ಮೂಗು ಉದುರಿಹೋಗುವ ಚಳಿ. ಎದುರಿಗೆ ಸ್ಕೂಲಿನ ಜಿಮ್ ಮುಂದೆ ನಮ್ಮವರ ಕ್ಯೂ, ಕೋಟಿನ ಕೆಳಗೆ ಸೀರೆ, ಸೀರೆಯ ಕೆಳಗೆ ಸ್ನೀಕರ್ಸು, ಬಾಯಲ್ಲಿ ಹೊಗೆ.

"ಗೆಲ್ತೀರಾ ರೀ?" ಎಂದಳು ಸುಧಾಮಣಿ.

"ಗೊತ್ತಿಲ್ಲ ಕಣೆ" ಎಂದ ಚೆಲುವರಾಜು. "ಎಲ್ಲಾ ಇಲ್ಲೇ ಇದಾರೆ, ನೋಡು."