ಮೊಂಡು ಕೊಕ್ಕೆ

ಗುರುಲಿಂಗಪ್ಪನಿಗೆ ಮೀನು ಹಿಡಿಯುವ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಅವನು ಕೆಲಸ ಮಾಡುವ, ಅಮೆರಿಕದ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನ ಕಾರು ಕಂಪನಿ ಬ್ರೇಕ್ ವಿಭಾಗದ ಕೆಲಸಕ್ಕೆಂದು ಕೆಲವು ವರ್ಷ ಅವನನ್ನು ಅಲ್ಲಿಗೆ ಕಳಿಸಿತ್ತು. ಸಹೋದ್ಯೋಗಿಯೊಬ್ಬ ರಜೆಯ ದಿನಗಳಲ್ಲಿ ದೊಡ್ಡ ಸರೋವರವೊಂದಕ್ಕೆ ಕರೆದೊಯ್ದು ರೋಚ್ ಎಂಬ ಮೀನು ಹಿಡಿಯುವುದನ್ನು ಕಲಿಸಿದ. ಬೆಳ್ಳಿಯಂಥ ಮೈ, ಕೆಂಪು ರೆಕ್ಕೆ. ಅದಕ್ಕೆ ಕೂದಲೆಳೆಯಂಥ ದಾರ, ಸಣ್ಣ ಕೊಕ್ಕೆ, ನೀರಿನ ಮೇಲೆ ತುದಿಯಷ್ಟೇ ಕಾಣುವ ಬೆಂಡು ಬೇಕು. ಬೆಂಡು ಕೊಂಚ ಅಲುಗಿದರೂ ಮೀನು ಎರೆ ಮುಟ್ಟಿದೆ ಎಂದೇ ಅರ್ಥ. ಹಿಡಿದದ್ದನ್ನು ಒದ್ದೆ ಕೈಯಲ್ಲಿ ಬಿಡಿಸಿ ಮತ್ತೆ ನೀರಿಗೆ ಬಿಡುವುದು ಅಲ್ಲಿನ ಕ್ರಮ. ಗದಗಿನ ಲಿಂಗಾಯತ ಮನೆಯಲ್ಲಿ ಬೆಳೆದ ಗುರುಲಿಂಗಪ್ಪನಿಗೆ ಈ ಆಟ ಒಗ್ಗಿದ್ದೇ ಅದಕ್ಕೆ.

ಮಿಶಿಗನ್ನಿಗೆ ಮರಳಿದ ಮೇಲೆ ರೋಚ್ ಸಿಗಲಿಲ್ಲ. ಹತ್ತಿರದ ಊರಾದ ಟ್ರಾಯ್‌ನ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ, ಇಂಗ್ಲೆಂಡಿನಲ್ಲಿ ದಿನಗಟ್ಟಲೆ ರೋಚ್ ಹಿಡಿಯುತ್ತಿದ್ದೆ ಎಂದು ಹೇಳಿದ್ದಕ್ಕೆ ಪಂಕ್ತಿಯವರೆಲ್ಲ ನಕ್ಕುಬಿಟ್ಟರು. ಅಮೆರಿಕದಲ್ಲಿ ರೋಚ್ ಎಂದರೆ ಜಿರಳೆ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಅದೇ ಉದ್ದ ಕೋಲು, ಅದೇ ಬೆಂಡು ಹಿಡಿದು ಸೇಂಟ್ ಕ್ಲೇರ್ ಸರೋವರದ ಕಟ್ಟೆಗೆ ಹೋಗಿ, ಹಳದಿ ಮೈಯ ಮೇಲೆ ಕಪ್ಪು ಪಟ್ಟೆಗಳಿರುವ ಪರ್ಚ್ ಹಿಡಿಯತೊಡಗಿದ. ಆಚೆ ದಡ ಕಾಣದಷ್ಟು ದೊಡ್ಡ ನೀರು ಅದು. ಕಟ್ಟೆಗೆ ಬರುವ ಬೇರೆಯವರೆಲ್ಲ ಕುಳ್ಳ ಕೋಲಿನವರು. ಇವನ ಸರಂಜಾಮನ್ನು ನೋಡಲು ಅವರು ನಿಲ್ಲುತ್ತಿದ್ದರು. ಕಂಪನಿಯಲ್ಲಿ ಅವನಿಗಿಂತ ಚಿಕ್ಕವರು ಅವನ ಮೇಲಧಿಕಾರಿಗಳಾಗಿದ್ದರು. ಕಟ್ಟೆಯ ಮೇಲೆ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ.

ಹೆಂಡತಿ ನೀಲಾಂಬಿಕಾ ಮಕ್ಕಳ ಡಾಕ್ಟರು. ಮಗಳು ತನಿಷಾ ಕೆಲಸ ಹಿಡಿದು ಶಿಕಾಗೋ ಕಡೆ ಹೋದ ಮೇಲೆ ಭಾನುವಾರಗಳು ಖಾಲಿಯಾದವು. ನಾನೂ ಬರ್ತೀನಿ ಎಂದು ನೀಲಾಂಬಿಕಾ ಒಂದು ಬೇಸಿಗೆಯ ಮುಂಜಾನೆ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಕಾರು ಹತ್ತಿದಳು. ಗುರುಲಿಂಗಪ್ಪನಿಗೆ ಖುಷಿಯೇ ಆಯಿತು. ತನ್ನ ಹಳೆಯ ಕೋಲು ಕೊಟ್ಟು ಎಲ್ಲವನ್ನೂ ಹೇಳಿಕೊಟ್ಟ. ಎರೆ ಸಿಕ್ಕಿಸುವುದು, ಆಳ ನೋಡಿ ಬೆಂಡು ಸರಿಸುವುದು, ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ಪರೀಕ್ಷಿಸುವುದು. ಚೂಪಾಗಿದ್ದರೆ ಉಗುರಿಗೆ ಕಚ್ಚುತ್ತದೆ, ಮೊಂಡಾಗಿದ್ದರೆ ಜಾರುತ್ತದೆ.

ಮೊದಮೊದಲು ಅವಳಿಗೆ ಏನೂ ಬೀಳಲಿಲ್ಲ. ಜುಲೈ ಬರುವಷ್ಟರಲ್ಲಿ ಅವನಷ್ಟೇ ಹಿಡಿದಳು. ಆಗಸ್ಟಿನಲ್ಲಿ ಅವನನ್ನು ದಾಟಿದಳು.

ಹೇಗೆಂದು ಅವನಿಗೆ ತಿಳಿಯಲಿಲ್ಲ. ಅವಳು ಬೆಂಡನ್ನು ಅವನಂತೆ ಕಣ್ಣು ಮಿಟುಕಿಸದೆ ನೋಡುತ್ತಿರಲಿಲ್ಲ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು, ಅಳುವ ಕೂಸಿನ ಹೊಟ್ಟೆ ಮುಟ್ಟಿ ನೋಡುವವಳ ಹಾಗೆ ಎತ್ತಲೋ ನೋಡುತ್ತ ಕೂಡುತ್ತಿದ್ದಳು. ಬೆಂಡು ಅಲುಗುವ ಮೊದಲೇ ಅವಳ ಮಣಿಕಟ್ಟು ಎದ್ದಿರುತ್ತಿತ್ತು. ಅವನು ಜಾಗ ಬದಲಿಸಿಕೊಂಡ. ಆಮೇಲೆ ಕೋಲನ್ನೇ ಬದಲಿಸಿದ. ಆದರೂ ಮೀನು ಅವಳತ್ತಲೇ ಹೋಗುತ್ತಿತ್ತು. ಕಟ್ಟೆಯ ಜನ ಈಗ ಅವಳ ಬೆನ್ನ ಹಿಂದೆ ನಿಲ್ಲತೊಡಗಿದರು. ತನಿಷಾಳಿಗೆ ಫೋಟೋ ಹೋಯಿತು. ಅಪ್ಪ, ಯು ಗಾಟ್ ಬೀಟನ್, ಎಂದು ಅವಳಿಂದ ಉತ್ತರ ಬಂತು. ಗುರುಲಿಂಗಪ್ಪ ಅದಕ್ಕೆ ನಗುವ ಚಿತ್ರವೊಂದನ್ನು ಕಳಿಸಿ ಫೋನನ್ನು ಬೋರಲು ಹಾಕಿದ.

ಒಂದು ಭಾನುವಾರ ಅವಳನ್ನು ಎಬ್ಬಿಸದೆ ಒಬ್ಬನೇ ಹೋದ. ಕಟ್ಟೆಗೆ ದಿನಾ ಬರುವ ಲೆರಾಯ್ ಎಂಬ ಮುದುಕ, ಡೆಟ್ರಾಯ್ಟಿನಲ್ಲಿ ಬಸ್ ಓಡಿಸಿ ನಿವೃತ್ತನಾದವನು, ಇವನನ್ನು ಕಂಡೊಡನೆ ಡಾಕ್ಟರಮ್ಮ ಎಲ್ಲಿ ಎಂದು ಕೇಳಿದ. ಬಂದಿಲ್ಲ ಎಂದದ್ದಕ್ಕೆ ಪೆಚ್ಚಾಗಿ ತನ್ನ ಕುರ್ಚಿಯನ್ನು ಅತ್ತ ತಿರುಗಿಸಿಕೊಂಡ. ಅಷ್ಟು ವರ್ಷ ಅದೇ ಕಟ್ಟೆಯ ಮೇಲೆ ಕೂತಿದ್ದ ತನ್ನ ಬಗ್ಗೆ ಅವನು ಒಮ್ಮೆಯೂ ಹಾಗೆ ಕೇಳಿರಲಿಲ್ಲವಲ್ಲ ಎಂದುಕೊಂಡು ಗುರುಲಿಂಗಪ್ಪ ಬೇಗನೆ ಕೋಲು ಮಡಚಿದ. ಮನೆಗೆ ಬಂದಾಗ ನೀಲಾಂಬಿಕಾ ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡು ಇನ್ನಷ್ಟು ಜೋರಾಗಿ ಬಡಿದಳು, ಅಷ್ಟೇ.

ಸೆಪ್ಟೆಂಬರಿನಲ್ಲಿ ಜಯಸಿಂಹನ ಫೋನು ಬಂತು. ಮೈಸೂರಿನವನು, ಟ್ರಾಯ್‌ನಲ್ಲಿ ಐಟಿ ಆಫೀಸು ಇಟ್ಟವನು. ದೋಣಿ ಕೊಂಡಿದ್ದ. ಕಟ್ಟೆಯಲ್ಲಿ ಮೇಡಂ ಮೀನು ಹಿಡಿಯೋ ವಿಷಯ ದೇವಸ್ಥಾನದಲ್ಲೆಲ್ಲ ಮಾತಾಗಿದೆ, ಶನಿವಾರ ದೋಣಿಯಲ್ಲಿ ಸರೋವರದ ಒಳಕ್ಕೆ ಹೋಗೋಣ, ಮೇಡಂನ ಕರೆದುಕೊಂಡು ಬನ್ನಿ ಎಂದ. ತಾನು ಬರೀ ಮೇಡಂನನ್ನು ಕರೆದುಕೊಂಡು ಬರುವವನು ಎಂಬುದು ಗುರುಲಿಂಗಪ್ಪನ ಕಿವಿಯಲ್ಲಿ ಎರಡು ದಿನ ಕೊರೆಯಿತು.

ಶುಕ್ರವಾರ ಸಂಜೆ ಬೇಸ್‌ಮೆಂಟಿನ ಮೇಜಿನ ಮುಂದೆ ಕೂತು ಇಬ್ಬರ ಕೊಕ್ಕೆಗಳನ್ನೂ ಕಟ್ಟಿದ. ಕೊಕ್ಕೆ ಕಟ್ಟುವ ಕೆಲಸ ಯಾವಾಗಲೂ ಅವನದೇ. ತನ್ನವನ್ನು ಕಟ್ಟಿಟ್ಟ. ಅವಳವನ್ನು ಕಟ್ಟುತ್ತ ಸಾಣೆಕಲ್ಲು ಕೈಗೆತ್ತಿಕೊಂಡ. ಒಂದೊಂದರ ಮೊನೆಯನ್ನೂ ಮೊಂಡಾಗುವ ಹಾಗೆ ಕಲ್ಲಿಗೆ ಅಡ್ಡ ಉಜ್ಜಿದ. ಬ್ರೇಕಿನ ಭಾಗಗಳನ್ನು ಅಳೆಯುವಾಗ ಇರುವಷ್ಟೇ ಶ್ರದ್ಧೆಯಿಂದ, ಕಣ್ಣಿಗೆ ಕಾಣದಷ್ಟು ಮಾತ್ರ ಉಜ್ಜಿದ. ಮೇಲಿನಿಂದ ಅವಳು ಊಟಕ್ಕೆ ಕರೆದಾಗ, ಬಂದೆ ಎಂದು ಎಂದಿನ ದನಿಯಲ್ಲೇ ಕೂಗಿದ.

ಮರುದಿನ ನೀರು ಶಾಂತವಾಗಿತ್ತು. ದೋಣಿ ನಿಲ್ಲಿಸಿದ ಕಡೆ ಪರ್ಚ್ ಹಿಂಡೇ ಇತ್ತು. ನೀಲಾಂಬಿಕಾಳ ಮಣಿಕಟ್ಟು ಎದ್ದಾಗಲೆಲ್ಲ ಕೋಲು ಬಾಗಿ, ಮರುಗಳಿಗೆಗೆ ನೆಟ್ಟಗಾಗುತ್ತಿತ್ತು. ಮೀನು ಕಚ್ಚಿ ಕಚ್ಚಿ ಬಿಡುತ್ತಿತ್ತು. ಗುರುಲಿಂಗಪ್ಪ ಒಂದರ ಮೇಲೊಂದು ಎಳೆದ. ಜಯಸಿಂಹ ಅವನ ಹೆಗಲು ತಟ್ಟಿ, ಗುರು ಯಾರು ಅಂತ ಈಗ ಗೊತ್ತಾಯ್ತು ಎಂದ. ಗುರುಲಿಂಗಪ್ಪ ಹಿಗ್ಗಿ, ಹೆಂಡತಿಗೆ ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನು ತಾನೇ ಬಿಚ್ಚಿಕೊಟ್ಟ.

ಕೊನೆಗೆ ಅವಳ ಕೋಲು ಹಿಂದೆಂದೂ ಬಾಗದಷ್ಟು ಬಾಗಿತು. ಮೀನು ದೋಣಿಯ ಪಕ್ಕದವರೆಗೂ ಬಂತು. ಮೊಳಕೈಯುದ್ದದ ಪರ್ಚ್, ಕಿತ್ತಳೆ ರೆಕ್ಕೆ ಬಿಚ್ಚಿ ಒಮ್ಮೆ ಹೊರಳಿ ಬಿಡಿಸಿಕೊಂಡು ಹೋಯಿತು. ಛೇ, ಎಂಥ ನಸೀಬು ಎಂದು ಜಯಸಿಂಹ ಮರುಗಿದ. ನೀಲಾಂಬಿಕಾ ದಾರ ಎಳೆದುಕೊಂಡು ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದಳು. ಜಾರಿತು. ಡಬ್ಬಿಯಿಂದ ತನ್ನ ಇನ್ನೊಂದು ಕೊಕ್ಕೆ ತೆಗೆದಳು. ಅದೂ ಜಾರಿತು. ಕೈ ಚಾಚಿ ಗಂಡನ ಡಬ್ಬಿಯಿಂದ ಒಂದನ್ನು ತೆಗೆದು ಎಳೆದಳು. ಅದು ಉಗುರಿಗೆ ಕಚ್ಚಿ ನಿಂತಿತು. ಅದನ್ನು ಮತ್ತೆ ಅದೇ ಡಬ್ಬಿಯಲ್ಲಿಟ್ಟು ಮುಚ್ಚಿದಳು. ನನಗೆ ಬಿಸಿಲು ಹತ್ತಿದೆ, ಸಾಕು ಎಂದು ಜಯಸಿಂಹನಿಗೆ ನಗುತ್ತಲೇ ಹೇಳಿ ದೋಣಿಯ ತುದಿಗೆ ಹೋಗಿ ಕೂತಳು.

ಮನೆಗೆ ಮರಳುವಾಗ ಅವಳೇ ಡ್ರೈವ್ ಮಾಡಿದಳು. ಹೆದ್ದಾರಿಯಿಂದ ತಮ್ಮ ಮನೆಯ ಕಡೆಯ ಎಕ್ಸಿಟ್ ಬಂದರೂ ಇಳಿಯದೆ ಮುಂದೆ ಹೋದಳು.

"ಎಲ್ಲಾ ಕೊಕ್ಕಿನೂ ತಿಕ್ಕಿರೇನು?" ಎಂದಳು.

ಅವನು ಹ್ಞೂಂ ಎಂದ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕ್ಲಿನಿಕ್ಕಿನ್ಯಾಗ ನನ್ನ ಡೈರೆಕ್ಟರ್ ಮಾಡ್ತೀವಿ ಅಂದಿದ್ರು, ನೆನಪೈತಿ? ಡ್ರೈವ್ ದೂರ ಆಗ್ತದ ಅಂತ ಬ್ಯಾಡ ಅಂದೆ."

"ನೆನಪೈತಿ."

"ಡ್ರೈವ್ ಏನೂ ದೂರ ಇರಲಿಲ್ರಿ. ಆ ವರ್ಷ ನಿಮಗ ಪ್ರಮೋಷನ್ ತಪ್ಪಿತ್ತು. ನಿಮ್ಮ ಮಾರಿ ನೋಡಿ ಬಿಟ್ಟೆ." ಅವಳ ದನಿ ಏರಲಿಲ್ಲ. "ಬಂದದ್ದನ್ನೆಲ್ಲಾ ನಿಮ್ಮ ಮುಂದ ಸಣ್ಣದು ಮಾಡೇ ಹೇಳ್ಕೋತ ಬಂದೀನಿ. ಇದು ಬರೇ ಮೀನದ, ಇದನ್ನಾದ್ರೂ ಮುಚ್ಚಿಡೂದು ಬ್ಯಾಡ ಅನ್ಕೊಂಡಿದ್ದೆ."

ಗುರುಲಿಂಗಪ್ಪ ಕಿಟಕಿಯಾಚೆ ನೋಡಿದ. ಕೊಕ್ಕೆಯ ಬಗ್ಗೆ ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಅವಳು ಆ ಕೆಲಸ ಬೇಡ ಎಂದ ಸುದ್ದಿ ಕೇಳಿದ ದಿನ ತನಗೆ ಹಾಯೆನಿಸಿದ್ದು ಈಗ ಅವನಿಗೆ ನೆನಪಾಯಿತು.

ಆಮೇಲಿನ ಭಾನುವಾರಗಳಲ್ಲಿ ಅವಳು ಹೊಸ ಕೋಲು ಕೊಂಡು ಒಬ್ಬಳೇ ಕಟ್ಟೆಗೆ ಹೋಗತೊಡಗಿದಳು. ಕೊಕ್ಕೆಯನ್ನು ತಾನೇ ಕಟ್ಟಿಕೊಂಡಳು. ಮೊದಮೊದಲು ಗಂಟುಗಳು ಬಿಚ್ಚಿ ಹೋಗುತ್ತಿದ್ದವು. ಅವನನ್ನು ಕೇಳಲಿಲ್ಲ. ಇವನು ಮನೆಯಲ್ಲಿ ಹುಲ್ಲು ಕತ್ತರಿಸಿದ, ಗರಾಜು ಜೋಡಿಸಿದ. ಅವಳ ಕಾರು ಬಂದ ಸದ್ದಾದರೆ, ಇವತ್ತು ಎಷ್ಟು ಬಿತ್ತೋ ಎಂಬ ಯೋಚನೆಯೇ ಮೊದಲು ಬರುತ್ತಿತ್ತು. ಹಾಗೆ ಬರುವುದು ಅವನಿಗೇ ಹೇಸಿಗೆಯಾಗುತ್ತಿತ್ತು.

ಅಕ್ಟೋಬರಿನ ಕೊನೆಗೆ ಉಷ್ಣಾಂಶ ನಲವತ್ತು ಡಿಗ್ರಿ ಫ್ಯಾರನ್ಹೀಟಿಗೆ ಇಳಿದ ಚಳಿಯ ಒಂದು ಮುಂಜಾನೆ ಕೋಲು ಒಯ್ಯದೆ ಕಟ್ಟೆಗೆ ಹೋದ. ಲೆರಾಯ್ ಇರಲಿಲ್ಲ. ಅವಳೊಬ್ಬಳೇ ಇದ್ದಳು. ಕೂಡ್ಲೇನು ಎಂದು ಕೇಳಿದ. ಅವಳು ಚೀಲ ಸರಿಸಿ ಜಾಗ ಮಾಡಿಕೊಟ್ಟಳು. ಅವಳ ಬೆಂಡಿನತ್ತ ನೋಡುತ್ತ ಅವನು, ಆಗಿನ ಕೆಲಸ ನೀ ಬಿಟ್ಟದ್ದು ಕೇಳಿ ನನಗ ಸಮಾಧಾನ ಆಗಿತ್ತು, ನೀಲಾ, ಎಂದ. ಗೊತ್ತದ ಎಂದಳು. ಈಗ್ಲೂ ಹೊಟ್ಟಿ ಉರೀತದೇನ್ರಿ ಎಂದು ಕೇಳಿದಳು. ಉರೀತದ ಎಂದ.

ಅಷ್ಟರಲ್ಲಿ ಅವಳ ಮಣಿಕಟ್ಟು ಎದ್ದಿತು. ಕೋಲು ಅರ್ಧಚಂದ್ರವಾಯಿತು.

"ಬಲೆಚೀಲ ತೊಗೊಳ್ರಿ," ಎಂದಳು, ನೀರಿನ ಮೇಲಿನ ಕಣ್ಣು ತೆಗೆಯದೆ.

ಅವನು ಉದ್ದ ಹಿಡಿಕೆಯ ಬಲೆಚೀಲ ಹಿಡಿದು ಕಟ್ಟೆಯಂಚಿಗೆ ಮಂಡಿಯೂರಿದ. ಮೀನು ಮೇಲೆ ಬಂತು. ಇಷ್ಟು ದೊಡ್ಡ ಪರ್ಚ್ ಅವನ ಕೋಲಿಗೆ ಎಂದೂ ಬಿದ್ದಿರಲಿಲ್ಲ. ಬಲೆಯ ಅಂಚು ದಾರಕ್ಕೆ ತುಸು ತಾಗಿದರೆ ಸಾಕಿತ್ತು, ಅದು ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದೂ ನಿಜ. ಅವನು ಬಲೆಯನ್ನು ಆಳಕ್ಕೆ ಇಳಿಸಿ, ಮೀನಿನ ತಲೆ ಪೂರ್ತಿ ಒಳಬರುವವರೆಗೂ ಉಸಿರು ಬಿಗಿಹಿಡಿದು ಕಾದು, ಎರಡೂ ಕೈಯಿಂದ ಮೇಲೆತ್ತಿದ.