ಕೊನೆಯ ಸೀನು ಬಾಕಿ

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಮುಂದಿನವರು ಎಳೆಯುತ್ತಿದ್ದರು, ಹಿಂದಿನವರು ತಳ್ಳುತ್ತಿದ್ದರು, ಗೋಡೆಯ ಸುಣ್ಣ ಉದುರುತ್ತಿತ್ತು.

"ಬಾಡಿ ಕೆಳಗೆ ಬಂತೇನ್ರೀ?" ಎಂದು ಬಾಗಿಲಾಚೆಯಿಂದ ವ್ಯಾನಿನ ಚಾಲಕ ಕೂಗಿದ.

"ಇಲ್ಲೇ ಇದೀನಿ, ಬಂದೆ!" ಎಂದು ಗುಂಪಿನಲ್ಲಿದ್ದ ತೆಳ್ಳನೆಯ ಮನುಷ್ಯನೊಬ್ಬ ಅಭ್ಯಾಸಬಲದಿಂದ ಓಗೊಟ್ಟು ನಾಲಿಗೆ ಕಚ್ಚಿಕೊಂಡ.

ಯಾರೋ ಕಿಸಕ್ಕನೆ ನಕ್ಕರು. ಪೆಟ್ಟಿಗೆಯ ಹಿಂದೆ ನಿಂತಿದ್ದ ಕತ್ತರಿಯಮ್ಮನಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡೂ ಗಂಟಲಲ್ಲಿ ಸಿಕ್ಕಿ ಕೆಮ್ಮಾಯಿತು. ಆ ತೆಳ್ಳನೆಯವನಿಗೆ ಚಿತ್ರರಂಗದವರೆಲ್ಲ ಇಟ್ಟ ಹೆಸರೇ ಬಾಡಿ. ನಿರ್ದೇಶಕರ ಪ್ರತಿಯೊಂದು ಚಿತ್ರದಲ್ಲೂ ಹೆಣವಾಗಿ ಬಿದ್ದಿರುತ್ತಿದ್ದವನು ಅವನೇ. ಉಸಿರು ಬಿಗಿಹಿಡಿದು ಮಲಗುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಈಗ ಪೆಟ್ಟಿಗೆಯೊಳಗೆ ನಿರ್ದೇಶಕರೇ ಮಲಗಿದ್ದರು. ಬಾಡಿ ಒಂದು ಮೂಲೆಗೆ ಹೆಗಲು ಕೊಟ್ಟು, "ನನ್ನ ಎಷ್ಟು ಸಲ ಸಾಯಿಸಿದ್ರು ಸಾರ್... ತಾವು ಮಾತ್ರ ಒಂದೇ ಸಲಕ್ಕೆ ಓಕೆ ಮಾಡಿಕೊಂಡು ಹೋಗ್ಬಿಟ್ರಲ್ಲ," ಎಂದು ಗೊಳೋ ಎಂದು ಅತ್ತ.

ಹೇಗೋ ಪೆಟ್ಟಿಗೆ ತಿರುಗಿತು. ಹಜಾರದಲ್ಲಿ ಅದನ್ನು ಇಳಿಸಿ ಎಲ್ಲರೂ ಬೆವರು ಒರೆಸಿಕೊಂಡರು.

*

ಕತ್ತರಿಯಮ್ಮ ನಿರ್ದೇಶಕರ ಚಿತ್ರಗಳ ಸಂಕಲನಕಾರ್ತಿ. ಅವಳಿಗೆ ಆ ಹೆಸರಿಟ್ಟದ್ದೂ ಅವರೇ. ಮೊದಲ ಸಲ ಅವಳ ಎಡಿಟಿಂಗ್ ರೂಮಿಗೆ ಬಂದಾಗ ಅವರು ಯಾರಿಗೂ ಗೊತ್ತಿಲ್ಲದ ಮನುಷ್ಯ. ಅದುವರೆಗೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಸಾಕ್ಷಿಗಳು ಹೇಳಿದ್ದನ್ನೆಲ್ಲ ಕುಟ್ಟಿ ಕುಟ್ಟಿ ಬೆರಳ ತುದಿಗಳು ಚಪ್ಪಟೆಯಾಗಿದ್ದವು.

"ಕೊಲೆ ಮಾಡಿದೋನು ಸಿನಿಮಾದಲ್ಲಿ ಹಲ್ಲು ಕಡೀತಾನೆ," ಎಂದಿದ್ದರು ಅಂದು. "ನಾನು ಕಂಡವರು ಯಾರೂ ಹಲ್ಲು ಕಡೀಲಿಲ್ಲ. ಒಬ್ಬ ಅಂತೂ, ಬಸ್ಸು ತಪ್ಪಿಹೋಗುತ್ತೆ, ಬೇಗ ಮುಗಿಸ್ತೀರಾ ಅಂತ ಕೇಳ್ದ."

ಅವರ ಚಿತ್ರಗಳಲ್ಲಿ ಚೂರಿ ಕಾಣುತ್ತಿರಲಿಲ್ಲ, ರಕ್ತ ಕಾಣುತ್ತಿರಲಿಲ್ಲ. ಕೊಲೆಯಾಗುವ ಹೊತ್ತಿಗೆ ಕ್ಯಾಮೆರಾ ಪಕ್ಕದ ಮನೆಯಲ್ಲಿ ಬಟ್ಟೆ ಮಡಚುವವಳನ್ನು ನೋಡುತ್ತಿತ್ತು. ಆಮೇಲೆ ಮನೆಯವರೆಲ್ಲ ಕೂತು ಮಾತಾಡುತ್ತಿದ್ದರು, ಅಷ್ಟೇ. ಆ ಮಾತಿನಲ್ಲೇ ಪ್ರೇಕ್ಷಕನ ಬೆನ್ನು ತಣ್ಣಗಾಗುತ್ತಿತ್ತು. ಮೊದಲ ಚಿತ್ರಕ್ಕೆ ನೊಣವೂ ಬರಲಿಲ್ಲ. ಎರಡನೆಯದಕ್ಕೆ ಜನ ಮುಗಿಬಿದ್ದರು. ಆಮೇಲೆ ಏಳುಬೀಳು ನಡೆದೇ ಇತ್ತು, ಆದರೆ ಒಂದು ಮಾತ್ರ ಬದಲಾಗಲಿಲ್ಲ. ಕೊಲೆಗಾರ ಯಾರೆಂದು ನಟರಿಗೆ ಕೊನೆಯ ದಿನದವರೆಗೂ ಹೇಳುತ್ತಿರಲಿಲ್ಲ. ಕತ್ತರಿಯಮ್ಮನಿಗೆ ಮಾತ್ರ ಮೊದಲ ದಿನವೇ ಕಿವಿಯಲ್ಲಿ ಹೇಳಿಬಿಡುತ್ತಿದ್ದರು.

ಈ ಸಲ ಹೇಳಿರಲಿಲ್ಲ. ಇಂದಲ್ಲ ನಾಳೆ ಹೇಳುತ್ತಾರೆ ಎಂದು ಅವಳೂ ಬಿಗುಮಾನದಲ್ಲಿ ಕೇಳಿರಲಿಲ್ಲ. ಕೊನೆಯ ಸೀನು ಬಾಕಿ ಇರುವಾಗಲೇ ಅವರು ಮಲಗಿದಲ್ಲೇ ಹೋಗಿಬಿಟ್ಟರು.

*

"ಇವತ್ತು ಕೇಳಬಾರದು, ನನಗೂ ಗೊತ್ತು," ಎಂದು ನಿರ್ಮಾಪಕ ಅವಳನ್ನು ಕಿಟಕಿಯ ಬಳಿಗೆ ಕರೆದ. "ಆದ್ರೂ ಚಿತ್ರ ಮುಗಿಸ್ಬೇಕಲ್ಲಮ್ಮ? ಕೊಲೆ ಮಾಡಿದ್ದು ಯಾರು?"

ಮುಗಿಯದೆ ಉಳಿದ ಚಿತ್ರದ ಕತೆ ಸರಳವಾಗಿತ್ತು. ಒಂದು ಮನೆ. ಊಟದ ಮೇಜಿನ ಪಕ್ಕದಲ್ಲಿ ಮನೆಯ ಯಜಮಾನ ಸತ್ತುಬಿದ್ದಿರುತ್ತಾನೆ. ಯಜಮಾನನಾಗಿ ಬಿದ್ದವನು ಬಾಡಿ. ಅನುಮಾನ ಇಬ್ಬರ ಮೇಲೆ, ಮಗ ಮತ್ತು ಸೊಸೆ.

"ನನ್ನ ಕೇಳಿ, ನಾನು ಹೇಳ್ತೀನಿ," ಎಂದು ಮಗನ ಪಾತ್ರ ಮಾಡಿದ ನಟ ಹತ್ತಿರ ಬಂದ. ದುಃಖದಲ್ಲೂ ಅವನ ದನಿ ನಾಟಕದ್ದೇ. "ನಾನೇ ಮಾಡಿದ್ದು. ಶೂಟಿಂಗಿನ ಮಧ್ಯೆ ಪಕ್ಕಕ್ಕೆ ಕರೆದು ಹೇಳಿದ್ರು. 'ನೀನೇ ಕಣೋ, ಆದ್ರೆ ಬಾಯಿಬಿಡಬೇಡ' ಅಂದ್ರು."

ಸೊಸೆಯ ಪಾತ್ರದ ನಟಿ ಕಣ್ಣೊರೆಸುತ್ತಿದ್ದ ಕರವಸ್ತ್ರವನ್ನು ಕೆಳಗಿಳಿಸಿದಳು. "ಸುಮ್ನಿರಿ. ಮಾಡಿದ್ದು ನಾನು. ನನ್ನ ಕೈ ಹಿಡ್ಕೊಂಡು ಹೇಳಿದಾರೆ. ಕತ್ತರಿಗೂ ಹೇಳಬೇಡ ಅಂದ್ರು."

ಆ ಮಾತು ಕತ್ತರಿಯಮ್ಮನಿಗೆ ಚುರುಕ್ಕೆಂದಿತು.

"ನಿಮಗೆ ತಮಾಷೆಗೆ ಅಂದಿರಬೇಕು," ಎಂದ ನಟ.

"ತಮಾಷೆಗೆ ಯಾಕೆ ಅಂತಾರೆ? ನಾನು ಕೊಲೆ ಮಾಡೋ ಹಾಗೆ ಕಾಣಲ್ವಾ?"

"ಅಲ್ಲಮ್ಮಾ..."

"ಇಬ್ರೂ ಅಲ್ಲ," ಎಂದ ಬಾಡಿ ಸಂಕೋಚದಿಂದ. "ನನಗೆ ಅವ್ರು ಅಂದಿದ್ದೇ ಬೇರೆ. 'ನಿನ್ನ ಯಾರೂ ಕೊಂದಿಲ್ಲಪ್ಪ, ಕಾಲು ಜಾರಿ ಬಿದ್ದೆ' ಅಂದ್ರು. ನಾನು ಹಾಗೇ ಬಿದ್ದಿದೀನಿ. ಬೇಕಾದ್ರೆ ನೋಡಿ, ಕೊಲೆಯಾದೋನ ಥರ ಬಿದ್ದಿಲ್ಲ."

ನಿರ್ಮಾಪಕ ತಲೆಮೇಲೆ ಕೈಹೊತ್ತ. ಮೂವರೂ ದನಿ ಏರಿಸಿ ತಮ್ಮತಮ್ಮ ಮಾತನ್ನೇ ಸಾಧಿಸತೊಡಗಿದರು. ಹೆಣದ ಮುಂದೆ ನಿಂತು ಇಬ್ಬರು ತಾವೇ ಕೊಂದದ್ದೆಂದು ಜಗಳವಾಡುವುದನ್ನು ವ್ಯಾನಿನ ಚಾಲಕ ಬಾಗಿಲಲ್ಲಿ ನಿಂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಪಾಪ, ಅವನಿಗೆ ಯಾರೂ ವಿವರಿಸಲಿಲ್ಲ.

ನಿರ್ದೇಶಕರ ಹೆಂಡತಿ ಅಷ್ಟು ಹೊತ್ತೂ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಈಗ ಎದ್ದು, "ಕತ್ತರಿ, ಸ್ವಲ್ಪ ಒಳಗೆ ಬಾ," ಎಂದರು.

ಅಡುಗೆಮನೆಯಲ್ಲಿ ಅವರು ನಲ್ಲಿ ತಿರುಗಿಸಿ, ತೊಳೆಯಲು ಏನೂ ಇಲ್ಲದಿದ್ದರೂ ಕೈಯನ್ನು ನೀರಿಗೊಡ್ಡಿ ನಿಂತರು.

"ಅವ್ರಿಗೇ ಗೊತ್ತಿರ್ಲಿಲ್ಲ ಕಣೇ," ಎಂದರು.

"ಏನು ಗೊತ್ತಿರ್ಲಿಲ್ಲ ಅಕ್ಕಾ?"

"ಯಾರು ಕೊಂದಿದ್ದು ಅಂತ. ದಿನಾ ಬೆಳಿಗ್ಗೆ ಎದ್ದು ನನ್ನೇ ಕೇಳೋರು. ನಾನು ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಒಂದಿನ ಮಗ ಅಂತಿದ್ದೆ, ಒಂದಿನ ಸೊಸೆ, ಇನ್ನೊಂದಿನ ಕಾಲು ಜಾರಿ ಬಿದ್ದ ಅಂತಿದ್ದೆ. ಅವತ್ತಿಗೆ ಅದನ್ನೇ ಹಿಡ್ಕೊಂಡು ಹೊರಡೋರು."

ಕತ್ತರಿಯಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹೆಂಡತಿ ದಿನವೂ ಊಟದ ಬುಟ್ಟಿ ಹಿಡಿದು ಸೆಟ್ಟಿಗೆ ಬರುತ್ತಿದ್ದರು. ಈ ವಯಸ್ಸಿನಲ್ಲಿ ಏನು ಪ್ರೀತಿಯಪ್ಪಾ ಎಂದು ಎಲ್ಲರೂ ಕಾಲೆಳೆಯುತ್ತಿದ್ದರು. ಅವಳೂ ಎಳೆದಿದ್ದಳು.

"ಮರೆವು ಬಂದಿತ್ತಾ?"

"ಬಂದಿತ್ತು ಅಂತಾನೇ ಅಂದ್ಕೊಂಡೆ. ಆದ್ರೆ ಕೆಲವು ದಿನ ನನ್ನ ಮುಖ ನೋಡಿ, 'ನಂಬಿಬಿಟ್ಯಾ?' ಅಂತ ನಗೋರು. ಯಾವುದು ನಿಜ, ಯಾವುದು ಆಟ, ನನಗಂತೂ ಕೊನೇವರೆಗೂ ತಿಳೀಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

ಅವರು ನಲ್ಲಿ ನಿಲ್ಲಿಸಿದರು. "ನಾನು ಹೇಳೋಣ ಅಂದೆ. ಅವ್ರೇ ಬೇಡ ಅಂದ್ರು. 'ಅವಳ ಕೈಗೆ ಸಿಕ್ಕಿದ್ರೆ ನನ್ನನ್ನೇ ಕತ್ತರಿಸಿ ಬಿಸಾಕ್ತಾಳೆ' ಅಂತ ಹೆದರ್ಕೊಂಡಿದ್ರು."

*

ಕೆಲವು ವಾರಗಳ ಹಿಂದೆ ಎಡಿಟಿಂಗ್ ರೂಮಿನಲ್ಲಿ ಅವಳ ಪಕ್ಕದಲ್ಲಿ ಕೂತು ಅವರು ಪರದೆ ನೋಡುತ್ತಿದ್ದರು. ಮಗ ಬಾಗಿಲಿನಿಂದ ಒಳಗೆ ಬರುವ ದೃಶ್ಯ.

"ಇವನು ಯಾರು?" ಎಂದರು.

ಅವಳಿಗೆ ಖುಷಿಯಾಯಿತು. ತನಗೂ ಅದೇ ಕಾಡುತ್ತಿತ್ತು. "ನಿಜ ಸಾರ್, ಇವನು ಯಾರು ಅಂತಾನೇ ಗೊತ್ತಾಗಲ್ಲ. ಮೊದಲೇ ಒಂದು ಮಾತಿನಲ್ಲಿ ಗೊತ್ತುಮಾಡಿಸ್ಬೇಕಿತ್ತು."

"ಹೌದು, ಗೊತ್ತುಮಾಡಿಸ್ಬೇಕಿತ್ತು," ಎಂದು ಅವರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದ್ದರು.

ಸೊಸೆ ನೀರು ಬಡಿಸುವ ದೃಶ್ಯವನ್ನು ಅವರು ಸೆಟ್ಟಿನಲ್ಲಿ ಒಂದು ದಿನ ತೆಗೆದು, ಮಾರನೆಯ ದಿನ ಮತ್ತೆ ಅದನ್ನೇ ತೆಗೆದಿದ್ದರು. ಅದರ ಮರುದಿನವೂ. ನಟಿ ಗೊಣಗಿದಾಗ ಕತ್ತರಿಯಮ್ಮ ರೇಗಿದ್ದಳು. "ನಿನಗೆ ತಿಳಿಯಲ್ಲ. ಅಪರಾಧ ಮಾಡಿದ ಮನೇಲಿ ದಿನ ಮುಂದಕ್ಕೆ ಹೋಗಲ್ಲ, ಅದನ್ನೇ ತೋರಿಸ್ತಿದಾರೆ." ಆ ಮೂರನ್ನೂ ಒಂದರ ಹಿಂದೆ ಒಂದು ಜೋಡಿಸಿ ಅವರಿಗೆ ತೋರಿಸಿದ್ದಳು. ಅವರು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಯಾರು ತೆಗೆದಿದ್ದು?" ಎಂದಿದ್ದರು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವರೂ ನಕ್ಕಿದ್ದರು.

*

ಮಣ್ಣು ಮಾಡುವಾಗ ಜನ ಹೆಚ್ಚಿರಲಿಲ್ಲ. ಯಾರೋ ಅವರ ಶೈಲಿಯ ಬಗ್ಗೆ ನಾಲ್ಕು ಮಾತಾಡಿದರು. ಕೊನೆಯ ದಿನಗಳಲ್ಲಿ ಅವರು ಹಿಂದೆಂದೂ ಇಲ್ಲದಷ್ಟು ದಿಟ್ಟರಾಗಿದ್ದರು, ಕತೆಯ ಹಂಗನ್ನೇ ತೊರೆದಿದ್ದರು ಎಂದರು. ಕತ್ತರಿಯಮ್ಮ ಪಕ್ಕದಲ್ಲಿದ್ದ ನಿರ್ದೇಶಕರ ಹೆಂಡತಿಯ ಮುಖ ನೋಡಿದಳು. ಅವರು ಹೌದು ಎನ್ನುವಂತೆ ತಲೆ ಆಡಿಸುತ್ತಿದ್ದರು. ಹೌದೆಂದೋ, ಸುಮ್ಮನೆಯೋ.

"ಏನು ಮಾಡೋಣ?" ಎಂದು ನಿರ್ಮಾಪಕ ಹಿಂದಿರುಗುವ ದಾರಿಯಲ್ಲಿ ಕೇಳಿದ.

"ಗೊತ್ತಿಲ್ಲ," ಎಂದಳು. ಅವಳ ಬಾಯಲ್ಲಿ ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು.

ಅವಳು ಮನೆಗೆ ಹೋಗದೆ ನೇರವಾಗಿ ಎಡಿಟಿಂಗ್ ರೂಮಿಗೆ ಹೋದಳು. ಕಿಟಕಿಯ ಪರದೆ ಎಳೆದು, ಕೊನೆಯ ವಾರದ ಚಿತ್ರೀಕರಣವನ್ನು ಮೊದಲಿನಿಂದ ಹಾಕಿದಳು. 'ಕಟ್' ಎಂದಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಆ ಚೂರುಗಳನ್ನು ಅವಳು ಯಾವತ್ತೂ ಪೂರ್ತಿ ನೋಡಿದವಳಲ್ಲ. ಇವತ್ತು ನಿಲ್ಲಿಸಲಿಲ್ಲ. ಕಾಯಿಲೆಯೋ ಆಟವೋ, ಯಾವುದಾದರೊಂದು ಸಿಕ್ಕಿದರೆ ಸಾಕಿತ್ತು.

ಊಟದ ಮೇಜಿನ ದೃಶ್ಯ. 'ಕಟ್' ಎಂದು ಅವರ ದನಿ. ಕ್ಯಾಮೆರಾ ನಿಲ್ಲಿಸಲು ಯಾರೋ ಮರೆತಿದ್ದರು. ನಟರು ಎದ್ದುಹೋದರು. ಬಾಡಿ ನೆಲದಿಂದೆದ್ದು ಮೈ ಕೊಡವಿಕೊಂಡು ಹೊರಟ. ಖಾಲಿ ಮೇಜಿನ ಬಳಿಗೆ ನಿರ್ದೇಶಕರು ನಡೆದುಬಂದು, ಯಾರ ಮನೆಗೋ ಬಂದವರಂತೆ ಸುತ್ತ ನೋಡಿ, ತುದಿಯ ಕುರ್ಚಿಯಲ್ಲಿ ಮುದುರಿ ಕೂತರು. ಬುಟ್ಟಿ ಹಿಡಿದು ಹೆಂಡತಿ ಬಂದರು. ಅವರನ್ನು ಕಂಡದ್ದೇ ತಡ, ಇವರು ತಡಬಡಾಯಿಸಿ ಎದ್ದು ನಿಂತರು. ಹೆಂಡತಿಯನ್ನು ಜೀವಮಾನವೆಲ್ಲ 'ನೀನು' ಎಂದೇ ಕರೆದವರು.

"ಬನ್ನಿ, ಬನ್ನಿ. ನೀವು ಯಾರ ಕಡೆಯವರು?"

ಹೆಂಡತಿ ಬುಟ್ಟಿಯನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಕಡೆಯವಳೇ."

ನಿರ್ದೇಶಕರು ಪಕ್ಕದ ಕುರ್ಚಿಯನ್ನು ಎಳೆದು, ಅಂಗಿಯ ತೋಳಿನಿಂದ ಅದರ ಧೂಳು ಒರೆಸಿದರು. ಹೆಂಡತಿ ಸೆರಗು ಸರಿಮಾಡಿಕೊಂಡು ಕೂತರು. ಹಿಂದೆ ಯಾರೋ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಇಬ್ಬರೂ ಮೇಜಿನ ಮೇಲೆ ಕೈ ಜೋಡಿಸಿಟ್ಟು, ಆ ಮನೆಯವರು ಯಾರಾದರೂ ಬಂದು ಮಾತಾಡಿಸಲಿ ಎನ್ನುವಂತೆ ಬಾಗಿಲ ಕಡೆ ನೋಡುತ್ತ ಕೂತಿದ್ದರು.